ವಿಲ್ಟ್‌ಶೈರಿನ ಒಂದು ಮದುವೆಮನೆ

ಋತುವಿನ ಹೆಸರು ಒಂದೇ ಆದರೂ ಅದರ ಸ್ವಭಾವ ದೇಶದಿಂದ ದೇಶಕ್ಕೆ ಬೇರೆ. ನಮ್ಮಲ್ಲಿ ಶರದೃತುವೆಂದರೆ ಮಳೆ ಹಿಂದೆ ಸರಿದು ಆಕಾಶ ತಿಳಿಯಾಗುವ, ಕರಿಯ ಎರೆಭೂಮಿಯಲ್ಲಿ ಹಿಂಗಾರಿ ಜೋಳ ಮೊಳಕೆಯೊಡೆಯುವ ಕಾಲ. ಎಲೆ ಉದುರುವುದು ನಮಗೆ ಶಿಶಿರದಲ್ಲಿ, ಯುಗಾದಿಯ ಚಿಗುರಿಗೆ ಮುಂಚೆ. ಇಂಗ್ಲೆಂಡಿನಲ್ಲಿಯಾದರೋ ಶರತ್ಕಾಲವೇ ಎಲೆ ಉದುರುವ ಕಾಲ. ಹಗಲು ಕಿರಿದಾಗುತ್ತ ಬಂದಂತೆ ಎಲೆಯೊಳಗಿನ ಹಸುರು ಕರಗುತ್ತದೆ. ಅದರ ಮರೆಯಲ್ಲಿ ಮೊದಲಿನಿಂದಲೂ ಇದ್ದ ಹಳದಿ ಆಗ ಹೊರಗೆ ಕಾಣಿಸಿಕೊಳ್ಳುತ್ತದೆ. ಬಿಸಿಲಿನ ಹಗಲೂ ತಣ್ಣನೆಯ ರಾತ್ರಿಯೂ ಕೂಡಿಬಂದರೆ ಕೆಲವು ಗಿಡಗಳಲ್ಲಿ ಕೆಂಪು ಹೊಸದಾಗಿ ಹುಟ್ಟುತ್ತದೆ. ಬೀಚ್ ಮರ ತಾಮ್ರದ ಬಣ್ಣಕ್ಕೂ ಓಕ್ ಮರ ಕಂದು ಬಣ್ಣಕ್ಕೂ ತಿರುಗುತ್ತವೆ. ಈ ಚೆಲುವನ್ನು ತಮ್ಮ ಮದುವೆಯ ಚಿತ್ರಗಳಲ್ಲಿ ಹಿಡಿದಿಡಬೇಕೆಂದು ಅಲ್ಲಿಯ ಅನೇಕ ವಧೂವರರು ಅಕ್ಟೋಬರ್ ತಿಂಗಳನ್ನೇ ಆರಿಸಿಕೊಳ್ಳುತ್ತಾರೆ. ದೀಪಾವಳಿ ಕಳೆಯದೆ ಲಗ್ನದ ಮಾತೆತ್ತದ ನಮ್ಮ ಹಿರಿಯರಿಗೆ ಇದು ಸೋಜಿಗವೆನಿಸೀತು.

2024ರ ಅಕ್ಟೋಬರಿನಲ್ಲಿ ಅಂತಹದೊಂದು ಮದುವೆಯನ್ನು ಕಣ್ಣಾರೆ ಕಾಣುವ ಯೋಗ ನನಗೆ ಒದಗಿತು. ನನ್ನ ಅಣ್ಣನ ಮೊಮ್ಮಗನು ಬಾತ್ ನಗರದಲ್ಲಿ ನೆಲೆಸಿ ಛಾಯಾಗ್ರಹಣವನ್ನೇ ಕಾಯಕವಾಗಿ ಮಾಡಿಕೊಂಡಿದ್ದಾನೆ. ಅವನ ಮನೆಯಲ್ಲಿ ಕೆಲವು ದಿನ ತಂಗಿದ್ದೆ. “ಅಜ್ಜಾ, ಮನ್ಯಾಗ ಒಬ್ಬರ ಕುಂತು ಏನ್ ಮಾಡ್ತೀರಿ? ನನ್ನ ಜೋಡಿ ಬರ್ರಿ. ಮದುವಿ ಮನಿಯವರಿಗೆ ಹೇಳೀನಿ. ಒಂದು ಚೀಲ ಕಾಯ್ಕೊಂಡು ಕುಂತರ ಸಾಕು” ಎಂದು ಅವನು ಕರೆದನು. ಹೀಗೆ ಅರುವತ್ತು ದಾಟಿದ ಮೇಲೆ ನಾನು ಛಾಯಾಗ್ರಾಹಕನ ಸಹಾಯಕನಾದೆ.

ಮದುವೆ ನಡೆದದ್ದು ವಿಲ್ಟ್‌ಶೈರ್ ಪ್ರಾಂತದ ವಾಯವ್ಯ ಭಾಗದಲ್ಲಿ, ಹಳ್ಳಿಗಾಡಿನ ನಡುವೆ ಇರುವ ಒಂದು ಹಳೆಯ ಮಹಾಸೌಧದಲ್ಲಿ. ಅದು ಒಂದು ಮನೆತನದ ವಾಸದ ಮನೆಯಾದುದರಿಂದ ಹೆಸರು ಹೇಳುವುದು ಉಚಿತವಲ್ಲ. ಬಾಕ್ಸ್ ಮತ್ತು ಕೋರ್ಶಮ್ ಎಂಬ ಊರುಗಳ ಸುತ್ತಲಿನ ಗಣಿಗಳಲ್ಲಿ ದೊರೆಯುವ, ಜೇನಿನ ಬಣ್ಣದ ಸುಣ್ಣಕಲ್ಲಿನಿಂದ ಅದನ್ನು ಕಟ್ಟಿದ್ದಾರೆ. ಬಾತ್ ನಗರವೆಲ್ಲ ಇದೇ ಕಲ್ಲಿನದು. ಅಲ್ಲಿಯವರು ‘ಕಂಟ್ರಿ ಹೌಸ್’ ಎಂದು ಕರೆಯುವ ಇಂತಹ ಮನೆಗಳನ್ನು ನಮ್ಮ ಓದುಗರು ದೇಸಗತಿಯ ವಾಡೆಗಳೊಡನೆ ಹೋಲಿಸಿ ತಿಳಿಯಬಹುದು. ಸುತ್ತಲಿನ ಭೂಮಿಯ ಉತ್ಪನ್ನದಿಂದ ನಡೆಯುತ್ತಿದ್ದ, ಹತ್ತಾರು ಆಳುಗಳ ದುಡಿಮೆಯಿಂದ ನಿಂತಿದ್ದ ಮನೆಗಳವು. ಕೆಲವು ಮನೆಗಳ ಸಿರಿಗೆ ನಮ್ಮ ನೆಲದ ನಂಟೂ ಉಂಟು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹೊರಟ ಟಿಪ್ಪುವಿನ ಡೇರೆ ಇಂದಿಗೂ ವೇಲ್ಸ್ ನಾಡಿನ ಪೊವಿಸ್ ಕೋಟೆಯ ಸಂಗ್ರಹದಲ್ಲಿದೆ.

ಇಪ್ಪತ್ತನೆಯ ಶತಮಾನದಲ್ಲಿ ಈ ಸೌಧಗಳ ಕಾಲ ಕೆಟ್ಟಿತು. ಎರಡು ಮಹಾಯುದ್ಧಗಳ ತರುವಾಯ ಆಳುಗಳು ದೊರೆಯದಾದರು. ಯಜಮಾನ ತೀರಿಕೊಂಡಾಗ ಆಸ್ತಿಯ ಮೇಲೆ ಬೀಳುವ ತೆರಿಗೆ ಏರುತ್ತ ಹೋಯಿತು. ನೂರಾರು ಮನೆಗಳು ನೆಲಸಮವಾದವು. 1974ರಲ್ಲಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯವು ಈ ವಿನಾಶವನ್ನೇ ವಿಷಯವಾಗಿಟ್ಟುಕೊಂಡು ಒಂದು ಪ್ರದರ್ಶನ ನಡೆಸಿತೆಂದರೆ ಅದರ ತೀವ್ರತೆಯನ್ನು ಊಹಿಸಬಹುದು. ಉಳಿದ ಮನೆಗಳಲ್ಲಿ ಕೆಲವು 1895ರಲ್ಲಿ ಸ್ಥಾಪಿತವಾದ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಆಶ್ರಯಕ್ಕೆ ಹೋದವು. ಇನ್ನು ಕೆಲವನ್ನು ಉಳಿಸಿದ್ದು ಮದುವೆಗಳು.

ಅದಕ್ಕೆ ಕಾರಣ ಒಂದು ಕಾನೂನು. 1836ರ ವಿವಾಹ ಶಾಸನಕ್ಕೆ ಮುಂಚೆ, ಯಹೂದ್ಯರು ಮತ್ತು ಕ್ವೇಕರರನ್ನು ಬಿಟ್ಟರೆ, ಅಲ್ಲಿಯ ಮದುವೆಗಳು ಆಂಗ್ಲಿಕನ್ ಚರ್ಚಿನಲ್ಲಿಯೇ ನಡೆಯಬೇಕಾಗಿತ್ತು. ಆ ಶಾಸನವು ಸರಕಾರಿ ನೋಂದಣಿ ಕಚೇರಿಯಲ್ಲಿ ಮದುವೆಯಾಗುವ ದಾರಿಯನ್ನು ತೆರೆಯಿತು. 1994ರ ಶಾಸನವು ಜಾರಿಗೆ ಬಂದ ಮೇಲೆ, ಅಂದರೆ 1995ರಿಂದ, ಅನುಮತಿ ಪಡೆದ ಸೌಧಗಳಲ್ಲಿಯೂ ಹೋಟೆಲುಗಳಲ್ಲಿಯೂ ನೋಂದಣಿ ಅಧಿಕಾರಿಯೇ ಬಂದು ಮದುವೆ ಮಾಡಿಸುವುದು ಸಾಧ್ಯವಾಯಿತು. ಇಂತಹ ಮದುವೆಯಲ್ಲಿ ಧಾರ್ಮಿಕ ವಿಧಿಗೆ ಎಡೆಯಿಲ್ಲ. ವಧೂವರರು ಸಾಕ್ಷಿಗಳೆದುರು ಪ್ರತಿಜ್ಞಾವಾಕ್ಯ ಹೇಳಿ ಸಹಿ ಮಾಡಿದರೆ ಮುಗಿಯಿತು. ಸೌಧದ ಬಾಡಿಗೆಯಿಂದ ಮನೆಯ ಸೂರಿನ ದುರಸ್ತಿ ನಡೆಯುತ್ತದೆ.

ಓಕ್ ಹಲಗೆಗಳನ್ನು ಹೊದಿಸಿದ ಗೋಡೆಯ ದೊಡ್ಡ ಹಜಾರದಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಮದುವೆ ನಡೆಯಿತು. ಕಪ್ಪಾದ ಹಲಗೆ ಬೆಳಕನ್ನೆಲ್ಲ ಕುಡಿದುಬಿಡುತ್ತದೆ, ವಧುವಿನ ಬಿಳಿಯ ಉಡುಪು ಅದನ್ನೆಲ್ಲ ಮರಳಿ ಚೆಲ್ಲುತ್ತದೆ. ಎರಡನ್ನೂ ಒಂದೇ ಚಿತ್ರದಲ್ಲಿ ಸರಿದೂಗಿಸುವುದು ಸುಲಭವಲ್ಲವೆಂದು ನನ್ನ ಹುಡುಗನು ಮೊದಲೇ ಹೇಳಿದ್ದನು. ಕಿಟಕಿಯಿಂದ ಬರುವ ಬೆಳಕು ನೀಲಿ, ದೀಪ ಮತ್ತು ಮೇಣದಬತ್ತಿಗಳ ಬೆಳಕು ಹಳದಿ. ಪ್ರತಿಜ್ಞೆಯ ಹೊತ್ತಿನಲ್ಲಿ ಫ್ಲ್ಯಾಶ್ ಬೇಡವೆಂದು ನೋಂದಣಿ ಅಧಿಕಾರಿಣಿ ಸೂಚಿಸಿದ್ದರು. ಅವನು ಬೂಟುಗಳ ಸಪ್ಪಳವಾಗದಂತೆ ಗೋಡೆಯ ಅಂಚಿನಲ್ಲಿಯೇ ಸರಿಯುತ್ತ ಚಿತ್ರ ತೆಗೆದನು. ನಮ್ಮ ಮದುವೆಗಳಲ್ಲಿ ಅಕ್ಕಿಕಾಳಿನ ಹೊತ್ತಿಗೆ ಛಾಯಾಗ್ರಾಹಕರೇ ಮಂಟಪವನ್ನು ಮುತ್ತಿ, ಬೀಗರಿಗೆ ವಧೂವರರ ಮುಖವೇ ಕಾಣದಂತಾಗುವುದನ್ನು ನೆನೆದು ನನಗೆ ಸ್ವಲ್ಪ ನಾಚಿಕೆಯಾಯಿತು.

ಸಹಿಯ ಹೊತ್ತಿನಲ್ಲಿ ಒಂದು ಸಂಗತಿಯನ್ನು ಅರಿತೆ. 1837ರಿಂದ ಮೊದಲ್ಗೊಂಡು ಇಂಗ್ಲೆಂಡಿನ ವಿವಾಹ ದಾಖಲೆಯಲ್ಲಿ ವಧೂವರರ ತಂದೆಯರ ಹೆಸರು ಮತ್ತು ಉದ್ಯೋಗಗಳಿಗೆ ಮಾತ್ರ ಸ್ಥಳವಿತ್ತು. ತಾಯಿಯ ಹೆಸರಿಗೆ ಸ್ಥಳ ದೊರೆತದ್ದು 2021ರ ಮೇ ತಿಂಗಳಲ್ಲಿ. ಹೆತ್ತವಳ ಹೆಸರು ಆ ಕಾಗದವನ್ನು ಸೇರಲು ನೂರ ಎಂಬತ್ತು ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು.

ಆ ಬಳಿಕ ಕೆಲಸವೆಲ್ಲ ಹೊರಗಡೆ. ಶರತ್ಕಾಲದ ಛಾಯಾಗ್ರಾಹಕನಿಗೆ ಸೂರ್ಯನೇ ಯಜಮಾನ. ಅಕ್ಟೋಬರ್ ಕೊನೆಯ ವಾರದಲ್ಲಿ ಧಾರವಾಡದ ನಡುಹಗಲ ಸೂರ್ಯ ಅರುವತ್ತು ಅಂಶಗಳಿಗೂ ಮೇಲೆ ಏರುತ್ತಾನೆ; ವಿಲ್ಟ್‌ಶೈರಿನಲ್ಲಿ ಅವನ ಏರಿಕೆ ಸುಮಾರು ಇಪ್ಪತ್ತೈದು ಅಂಶ ಮಾತ್ರ. ಹೀಗಾಗಿ ಹಗಲೆಲ್ಲ ಅಲ್ಲಿ ನಮ್ಮ ಸಂಜೆಯ ಬಿಸಿಲಿನಂತೆ ಓರೆಯಾದ, ಮೃದುವಾದ ಬೆಳಕು. ಮುಖಕ್ಕೆ ಅದು ಬಹಳ ಹಿತ. ಆದರೆ ಮೋಡವೊಂದು ಅಡ್ಡ ಬಂದರೆ ಅದೂ ಇಲ್ಲ. “ಈ ಬೆಳಕು ಹೇಳಿ ಬರೂದಿಲ್ಲ, ಹೇಳಿ ಹೋಗೂದೂ ಇಲ್ಲ” ಎಂಬುದು ನನ್ನ ಹುಡುಗನ ಮಾತು. ಅಂದು 26ನೆಯ ತಾರೀಖು ಶನಿವಾರ. ಸೂರ್ಯಾಸ್ತ ಆರು ಗಂಟೆಗೆ ಸ್ವಲ್ಪ ಮೊದಲು. ಆ ರಾತ್ರಿಯೇ ದೇಶದ ಗಡಿಯಾರಗಳೆಲ್ಲ ಒಂದು ತಾಸು ಹಿಂದಕ್ಕೆ ಹೋಗಲಿದ್ದವು. ಮರುದಿನವಾಗಿದ್ದರೆ ಐದಕ್ಕೆ ಮೊದಲೇ ಹೊತ್ತು ಮುಳುಗುತ್ತಿತ್ತು.

ಅವನ ಕಿಸೆಯಲ್ಲಿ ವಧು ಬರೆದುಕೊಟ್ಟ ಪಟ್ಟಿಯೊಂದಿತ್ತು. ಗುಂಪು ಚಿತ್ರಗಳು ಎಂಟು, ಒಂದೊಂದಕ್ಕೆ ಮೂರು ನಿಮಿಷ. ಪಟ್ಟಿಯ ಕೊನೆಯಲ್ಲಿ, ಕೆಳಗೆ ಗೆರೆ ಎಳೆದು, ‘ಸೂರ್ಯ ಮುಳುಗುವಾಗ ದೊಡ್ಡ ಬೀಚ್ ಮರದ ಕೆಳಗೆ ನಾವಿಬ್ಬರೇ’ ಎಂದು ಬರೆದಿತ್ತು. ಆ ಮರಕ್ಕಾಗಿಯೇ ಅವಳು ಆ ಮನೆಯನ್ನು ಆರಿಸಿಕೊಂಡಿದ್ದಳಂತೆ.

ಚಳಿಯನ್ನು ತಾಳಲಾರದೆ ನಾನು ಒಳಗೆ ಅಗ್ಗಿಷ್ಟಿಕೆಯ ಬಳಿ ಕುಳಿತೆ. ತೊಡೆಯ ಮೇಲೆ ಅವನ ಎರಡನೆಯ ಕ್ಯಾಮರಾ ಇದ್ದ ಚೀಲ. ಎದುರಿನ ಗಾಲಿಕುರ್ಚಿಯಲ್ಲಿ ವಧುವಿನ ತಾಯಿಯ ತಾಯಿ, ತೊಂಬತ್ತೆರಡು ವರ್ಷದ ವೃದ್ಧೆ, ಹೊದಿಕೆ ಹೊದ್ದು ಕುಳಿತಿದ್ದಳು. ಹೊರಗಿನ ಗುಂಪು ಚಿತ್ರ ಮುಗಿಸಿ ಅವಳನ್ನು ಒಳಗೆ ತಂದು ಬಿಟ್ಟಿದ್ದರು. ಇಬ್ಬರು ಮುದುಕರು ಬೆಂಕಿಯ ಮುಂದೆ ಕುಳಿತರೆ ಮಾತು ಬಾರದಿರುವುದೆಂತು? ನನ್ನ ಊರು, ಮಕ್ಕಳು, ಬೆಳೆಗಳನ್ನು ಕೇಳಿದಳು. ಬಳಿಕ ಅಗ್ಗಿಷ್ಟಿಕೆಯನ್ನೇ ನೋಡುತ್ತ, “ಇದರ ಬೂದಿಯನ್ನು ನಾನು ಎರಡು ವರ್ಷ ತೆಗೆದಿದ್ದೇನೆ” ಎಂದಳು.

ನನಗೆ ತಟ್ಟನೆ ಅರ್ಥವಾಗಲಿಲ್ಲ. ಅವಳು ಮೆಲ್ಲಗೆ ಹೇಳಿದಳು. 1946ರಲ್ಲಿ, ಹದಿನಾಲ್ಕು ತುಂಬಿ ಶಾಲೆ ಬಿಟ್ಟ ಕೂಡಲೆ, ಅವಳು ಈ ಮನೆಗೆ ಕೆಲಸದ ಹುಡುಗಿಯಾಗಿ ಬಂದಳು. ಆ ಕಾಲದಲ್ಲಿ ಶಾಲೆ ಬಿಡುವ ವಯಸ್ಸು ಹದಿನಾಲ್ಕೇ; ಅದು ಹದಿನೈದಕ್ಕೆ ಏರಿದ್ದು 1947ರಲ್ಲಿ. ಬೆಳಗಿನ ಐದೂವರೆಗೆ ಎದ್ದು, ಮನೆಯವರು ಏಳುವ ಮೊದಲು ಏಳು ಅಗ್ಗಿಷ್ಟಿಕೆಗಳ ಬೂದಿ ಬಳಿದು, ಕಬ್ಬಿಣಕ್ಕೆ ಕರಿ ಹಚ್ಚಿ ಉಜ್ಜಿ, ಬೆಂಕಿ ಹೂಡಬೇಕು. ಯಾರ ಕಣ್ಣಿಗೂ ಬೀಳದಂತೆ ಹಿಂದಿನ ಮೆಟ್ಟಿಲಿನಿಂದ ಇಳಿದು ಹೋಗಬೇಕು. “ಈ ದಿನ ಬೆಳಗ್ಗೆ ಮುಂಬಾಗಿಲಿನಿಂದ ಒಳಗೆ ಬಂದೆ. ಅದು ಮೊದಲ ಸಲ” ಎಂದಳು. ಮೊಮ್ಮಗಳು ಈ ಮನೆಯನ್ನು ಆರಿಸಿದಾಗ ಅವಳು ಏನೂ ಹೇಳಿರಲಿಲ್ಲ. ವರನ ಕಡೆಯವರು ಸಿರಿವಂತರು. ಮದುವೆಯ ಹೊತ್ತಿನಲ್ಲಿ ಹಳೆಯ ಮಾತೇಕೆ ಎಂದುಕೊಂಡಿದ್ದಳು.

“ಆ ಕಾಲದ ಒಂದು ಚಿತ್ರವಾದರೂ ಇದೆಯೆ?” ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ಅಡುಗೆಮನೆಯ ಹಿಂದಿನ ಅಂಗಳದ ಬಾಗಿಲಲ್ಲಿ ತನ್ನದೊಂದು ಚಿತ್ರವಿದ್ದರೆ ಚೆನ್ನಾಗಿತ್ತು ಎಂದಳು. ದಿನವೂ ಬೂದಿಯ ಬಕೆಟ್ಟನ್ನು ಹೊತ್ತು ಹೊರಗೆ ಹೋಗುತ್ತಿದ್ದ ಬಾಗಿಲು ಅದು. “ನಾನು ಛಾಯಾಗ್ರಾಹಕನಿಗೆ ಹೇಳಬಹುದೆ?” ಎಂದೆ. ಅನ್ಯರ ಮನೆಯ ಗುಟ್ಟನ್ನು ಹೊತ್ತು ಹಾಕುವುದು ನನ್ನಂತಹ ಅತಿಥಿಗೆ ತಕ್ಕುದಲ್ಲ. ಅವಳು ಕಿಟಕಿಯ ಕಡೆ ನೋಡಿದಳು. “ಬೆಳಕು ಉಳಿದಿದ್ದರೆ ಹೇಳಿ” ಎಂದಳು.

ಗಡಿಯಾರದಲ್ಲಿ ಐದು ಗಂಟೆ ಮೂವತ್ತೈದು ನಿಮಿಷ. ಮೋಡ ಸರಿದು ಹುಲ್ಲುಹಾಸಿನ ಮೇಲೆ ಬಿಸಿಲು ಬಿದ್ದಿತ್ತು. ನನ್ನ ಹುಡುಗನು ವಧೂವರರನ್ನು ಕರೆದುಕೊಂಡು ಬೀಚ್ ಮರದತ್ತ ಹೊರಟಿದ್ದನು. ಒದ್ದೆ ಎಲೆಗಳ ಮೇಲೆ ಜಾರದಂತೆ ಹೆಜ್ಜೆಯಿಡುತ್ತ ಹೋಗಿ ಅವನನ್ನು ಪಕ್ಕಕ್ಕೆ ಕರೆದು ಹೇಳಿದೆ. ಅವನ ಮುಖ ಬಾಡಿತು. “ಅಜ್ಜಾ, ಹದಿನೈದು ನಿಮಿಷ ಅದ. ಮರ ಅಂದರ ಮರ, ಬಾಗಿಲ ಅಂದರ ಬಾಗಿಲ. ಎರಡೂ ಆಗೂದಿಲ್ಲ. ಈ ಮರದ ಚಿತ್ರಕ್ಕ ಅವರು ರೊಕ್ಕ ಕೊಟ್ಟಾರ” ಎಂದನು. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಒಪ್ಪಿಕೊಂಡ ಕೆಲಸವನ್ನು ಬಿಡುವುದೂ ಕಾಯಕಕ್ಕೆ ಕುಂದೇ. “ತಮ್ಮಾ, ನಿರ್ಧಾರ ನಿನ್ನದೂ ಅಲ್ಲ, ನನ್ನದೂ ಅಲ್ಲ. ಆ ಹುಡುಗಿಯನ್ನು ಕೇಳು” ಎಂದೆ. ಅವನು ಕಾರಣವೊಂದನ್ನೂ ಹೇಳಲಿಲ್ಲ. ‘ನಿಮ್ಮ ಅಜ್ಜಿ ಅಡುಗೆಮನೆಯ ಬಾಗಿಲಲ್ಲಿ ಒಂದು ಚಿತ್ರ ಬಯಸುತ್ತಿದ್ದಾರೆ, ಈಗಲೇ ಆಗಬೇಕು’ ಎಂದಷ್ಟೇ ಹೇಳಿದನು. ವಧು ಮರವನ್ನೊಮ್ಮೆ ನೋಡಿದಳು. ಬಳಿಕ ಉಡುಪಿನ ಅಂಚನ್ನು ಎತ್ತಿ ಹಿಡಿದು ಮನೆಯ ಕಡೆಗೆ ಓಡಿದಳು.

ಹಿಂದಿನ ಓಣಿ ಇಕ್ಕಟ್ಟಾದುದು. ಗೋಡೆಯ ಮೇಲೆ ಸಾಲಾಗಿ ಹಳೆಯ ಗಂಟೆಗಳು. ಒಂದೊಂದರ ಕೆಳಗೆ ಒಂದೊಂದು ಕೋಣೆಯ ಹೆಸರು. ಯಜಮಾನರು ಹಗ್ಗ ಎಳೆದರೆ ಇಲ್ಲಿ ಗಂಟೆ ಕುಣಿಯುತ್ತಿತ್ತು. ಪಕ್ಕದಲ್ಲಿ ಅಡುಗೆಯ ಹಬೆ. ಚಳಿಯಿಂದ ಬಂದ ಕ್ಯಾಮರಾದ ಗಾಜಿಗೆ ಆ ಹಬೆ ತಗಲಿದ್ದೇ ತಡ, ಮಂಜು ಕವಿಯಿತು. ಒರೆಸಿದರೆ ಮತ್ತೆ ಕವಿಯಿತು. ಗಾಜು ಬೆಚ್ಚಗಾಗುವವರೆಗೆ ಕಾಯುವಷ್ಟು ಬೆಳಕು ಉಳಿದಿರಲಿಲ್ಲ. ಆಗ ನನ್ನ ಕೈಯಲ್ಲಿದ್ದ ಚೀಲದ ನೆನಪಾಯಿತು. ಎರಡು ತಾಸು ಬೆಂಕಿಯ ಬಳಿ ಇದ್ದ ಆ ಎರಡನೆಯ ಕ್ಯಾಮರಾದ ಗಾಜು ನಿರ್ಮಲವಾಗಿತ್ತು.

ಬಾಗಿಲನ್ನು ತೆರೆದರು. ಹೊರಗೆ ಉತ್ತರದ ಅಂಗಳ. ನೇರ ಬಿಸಿಲಿಲ್ಲ, ಆಕಾಶದ ಶಾಂತವಾದ ಬೆಳಕು. ಮುದುಕಿ ಗಾಲಿಕುರ್ಚಿಯಿಂದ ಎದ್ದು ಬಾಗಿಲ ಚೌಕಟ್ಟನ್ನು ಹಿಡಿದು ನಿಂತಳು. ಇಲ್ಲೇ ಏಕೆ ಎಂದು ಮೊಮ್ಮಗಳು ಕೇಳಿದಳು. ಅಜ್ಜಿ ಹೇಳಿದಳು, ನಾಲ್ಕು ಮಾತುಗಳಲ್ಲಿ ಹೇಳಿ ಮುಗಿಸಿದಳು. ವಧು ಏನೂ ನುಡಿಯದೆ ಅಜ್ಜಿಯ ಬಲಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು ನೋಡಿದಳು. ವರನು ಬಂದು ಅವರ ಹಿಂದೆ ನಿಂತನು. ನನ್ನ ಹುಡುಗ ಹತ್ತೋ ಹನ್ನೆರಡೋ ಚಿತ್ರಗಳನ್ನು ತೆಗೆದನು. ಹೊರಗೆ ಬಂದಾಗ ಬೀಚ್ ಮರ ಕಪ್ಪಾಗಿತ್ತು.

ಆ ಮರದ ಚಿತ್ರ ಇಲ್ಲವಾದುದಕ್ಕೆ ವರನ ಮನೆಯವರು ಬೇಸರಪಟ್ಟು ಪತ್ರ ಬರೆದರು. ಹುಡುಗನು ಕ್ಷಮೆ ಕೋರಿ ಹಣದಲ್ಲಿ ಒಂದು ಪಾಲನ್ನು ಹಿಂದಿರುಗಿಸಿದನು. ವಧು ಮಾತ್ರ ಹಿಂಬಾಗಿಲಿನ ಚಿತ್ರದ ದೊಡ್ಡ ಪ್ರತಿಯೊಂದನ್ನು ಮಾಡಿಸಿಕೊಂಡಳೆಂದು ಅವನಿಂದ ತಿಳಿಯಿತು.

ಮರುದಿನ ಭಾನುವಾರ ನಾವು ಸಮೀಪದ ಲ್ಯಾಕಾಕ್ ಗ್ರಾಮಕ್ಕೆ ಹೋದೆವು. ಛಾಯಾಗ್ರಹಣವನ್ನು ಕಾಯಕವಾಗಿ ಹಿಡಿದವರಿಗೆ ಅದೊಂದು ಯಾತ್ರಾಸ್ಥಳವೇ ಸರಿ. 1232ರಲ್ಲಿ ಸಾಲ್ಸ್‌ಬರಿಯ ಇಲಾ ಎಂಬ ಪ್ರಭುಪತ್ನಿ ಅಲ್ಲಿ ಸಂನ್ಯಾಸಿನಿಯರ ಮಠವೊಂದನ್ನು ಸ್ಥಾಪಿಸಿ, ಮುಂದೆ ತಾನೇ ಅದರ ಅಧ್ಯಕ್ಷೆಯಾದಳು. ಎಂಟನೆಯ ಹೆನ್ರಿಯ ಕಾಲದಲ್ಲಿ, 1539ರಲ್ಲಿ, ಆ ಮಠವನ್ನು ಮುಚ್ಚಲಾಯಿತು; ಕಟ್ಟಡ ಸಿರಿವಂತರ ವಾಸದ ಸೌಧವಾಯಿತು. ಮಠದ ಕಲ್ಲಿನ ಕಂಬಸಾಲು ಇಂದಿಗೂ ಹಾಗೆಯೇ ನಿಂತಿದೆ. ಆ ಮನೆಯಲ್ಲಿ ಬಾಳಿದವನು ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ (1800-1877).

ಟಾಲ್ಬಟ್ ಮದುವೆಯಾದದ್ದು 1832ರ ಡಿಸೆಂಬರಿನಲ್ಲಿ. ಮರುವರ್ಷ ಪತ್ನಿ ಕಾನ್‌ಸ್ಟನ್ಸ್‌ಳೊಡನೆ ಪ್ರವಾಸ ಹೊರಟು, ಅಕ್ಟೋಬರಿನಲ್ಲಿ ಇಟಲಿಯ ಕೋಮೋ ಸರೋವರದ ದಂಡೆಯಲ್ಲಿ ತಂಗಿದ್ದನು. ಗಾಜಿನ ಉಪಕರಣವೊಂದರ ನೆರವಿನಿಂದ ಅಲ್ಲಿಯ ನೋಟವನ್ನು ಬರೆಯಲು ಯತ್ನಿಸಿ ಸೋತನು. ಪತ್ನಿಯ ಕೈ ಅವನ ಕೈಗಿಂತ ಚೆನ್ನಾಗಿ ನಡೆಯುತ್ತಿತ್ತು. ಬೆಳಕು ತಾನೇ ತನ್ನನ್ನು ಕಾಗದದ ಮೇಲೆ ಬರೆದುಕೊಳ್ಳುವಂತಾದರೆ ಹೇಗೆ ಎಂಬ ಯೋಚನೆ ಅವನಿಗೆ ಹೊಳೆದದ್ದು ಆಗ. ಹೀಗೆ ನವದಂಪತಿಗಳ ಶರತ್ಕಾಲದ ಪ್ರವಾಸವೊಂದರಲ್ಲಿ ಈ ವಿದ್ಯೆಯ ಬೀಜ ಬಿದ್ದಿತು. ಬೆಳ್ಳಿಯ ಲವಣ ಸವರಿದ ಕಾಗದವನ್ನು ಪುಟ್ಟ ಮರದ ಪೆಟ್ಟಿಗೆಗಳಲ್ಲಿಟ್ಟು ಅವನು ಮನೆಯ ಸುತ್ತಲೂ ಇರಿಸುತ್ತಿದ್ದನು. ಪತ್ನಿ ಅವನ್ನು ಇಲಿಬೋನುಗಳೆಂದು ಹಾಸ್ಯ ಮಾಡುತ್ತಿದ್ದಳು. 1835ರ ಆಗಸ್ಟಿನಲ್ಲಿ ಮನೆಯ ದಕ್ಷಿಣ ಪಡಸಾಲೆಯ ಕಿಟಕಿಯ ನೆರಳುಬೆಳಕು ಅಂಗೈಗಿಂತ ಸಣ್ಣ ಕಾಗದವೊಂದರ ಮೇಲೆ ಮೂಡಿತು. ಇಂದಿಗೂ ಉಳಿದಿರುವ ಅತ್ಯಂತ ಹಳೆಯ ನೆಗೆಟಿವ್ ಅದೇ. ಆ ಕಿಟಕಿಯನ್ನು ನಾವು ಕಂಡೆವು. ಸಾಮಾನ್ಯವಾದ ಜಾಲರಿಯ ಕಿಟಕಿ.

ಆ ವಿದ್ಯೆ ನಮ್ಮ ನಾಡಿಗೆ ಬರಲು ತಡವಾಗಲಿಲ್ಲ. ಇಪ್ಪತ್ತೊಂದು ವರ್ಷಗಳ ತರುವಾಯ, 1856ರಲ್ಲಿ, ಮದರಾಸು ಸೈನ್ಯದ ಅಧಿಕಾರಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬವನು ಟಾಲ್ಬಟನ ವಿಧಾನದಿಂದಲೇ ಬೆಳೆದುಬಂದ ಮೇಣಗಾಗದದ ನೆಗೆಟಿವುಗಳಲ್ಲಿ ಹಂಪೆಯ ಗುಡಿಗೋಪುರಗಳನ್ನು ಸೆರೆಹಿಡಿದನು. ಅದೇ ದಶಕದಲ್ಲಿ ಬಿಗ್ಸ್ ಮತ್ತು ಪಿಗೋ ಎಂಬ ಅಧಿಕಾರಿಗಳು ನಮ್ಮ ಪ್ರದೇಶದ ದೇವಾಲಯಗಳ ಚಿತ್ರ ತೆಗೆದರು. ಧಾರವಾಡ ಮತ್ತು ಮೈಸೂರುಗಳ ವಾಸ್ತುಶಿಲ್ಪವನ್ನು ಕುರಿತ ಗ್ರಂಥದಲ್ಲಿ ಅವು 1866ರಲ್ಲಿ ಪ್ರಕಟವಾದವು. ಕಲ್ಲಿನ ಕಟ್ಟಡ ಕದಲದೆ ನಿಲ್ಲುತ್ತದೆಯಾದುದರಿಂದ ಆ ಕಾಲದ ಕ್ಯಾಮರಾಕ್ಕೆ ಅದು ಒಲಿಯಿತು. ಕಟ್ಟಿದವರ ಮತ್ತು ಗುಡಿಸಿದವರ ಮುಖಗಳು ಉಳಿಯಲಿಲ್ಲ. ಟಾಲ್ಬಟ್ 1844ರಿಂದ 1846ರವರೆಗೆ ಹೊರತಂದ ಚಿತ್ರಗ್ರಂಥದಲ್ಲಿ ‘ತೆರೆದ ಬಾಗಿಲು’ ಎಂಬ ಪ್ರಸಿದ್ಧ ಚಿತ್ರವಿದೆ. ಲ್ಯಾಕಾಕಿನ ಹಳೆಯ ಬಾಗಿಲೊಂದಕ್ಕೆ ಪೊರಕೆಯನ್ನು ಒರಗಿಸಿದ್ದಾರೆ. ಪೊರಕೆ ಇದೆ, ಅದನ್ನು ಹಿಡಿದವರು ಇಲ್ಲ. ಹಾಗೆಂದು ಎಲ್ಲ ಯಜಮಾನರೂ ಮರೆತರೆನ್ನಲಾಗದು. ವೇಲ್ಸಿನ ಎರ್ಡಿಗ್ ಎಂಬ ಸೌಧದ ಯಾರ್ಕ್ ಮನೆತನದವರು ತಮ್ಮ ಆಳುಕಾಳುಗಳ ವರ್ಣಚಿತ್ರಗಳನ್ನೂ ಮುಂದೆ ಛಾಯಾಚಿತ್ರಗಳನ್ನೂ ತಲೆಮಾರುಗಳ ಕಾಲ ತೆಗೆಸಿ ಗೋಡೆಯ ಮೇಲಿರಿಸಿದ್ದರು.

ಊರಿಗೆ ಮರಳುವ ವಿಮಾನದಲ್ಲಿ ನನಗೆ ನೆನಪಾದವರು, ನಾನು ಓದಿದ ಮಠದ ಪ್ರಸಾದನಿಲಯದ ಅಡುಗೆಯವರು. ನಸುಕಿನಲ್ಲಿ ಒಲೆ ಹೊತ್ತಿಸಿ ನೂರಾರು ಮಕ್ಕಳಿಗೆ ರೊಟ್ಟಿ ಬಡಿದ ತಾಯಿ ಆಕೆ. ಆರು ವರ್ಷ ಆ ಕೈಯ ಅನ್ನ ಉಂಡೆ. ನಮ್ಮ ವಾರ್ಷಿಕೋತ್ಸವದ ಗುಂಪು ಚಿತ್ರಗಳು ಇಂದಿಗೂ ನನ್ನ ಬಳಿ ಇವೆ. ಹುಡುಕಿ ನೋಡಿದೆ, ಒಂದರಲ್ಲಿಯೂ ಆಕೆ ಇಲ್ಲ. ನಾವೆಲ್ಲ ಆಕೆಯನ್ನು ‘ಅವ್ವ’ ಎಂದೇ ಕರೆಯುತ್ತಿದ್ದೆವಾದುದರಿಂದ ಹೆಸರನ್ನು ಕೇಳಿ ತಿಳಿದುಕೊಳ್ಳಲೂ ಇಲ್ಲ.

ಓದುಗ ಬಂಧುಗಳೇ, ಈ ಸಲದ ಲಗ್ನಸರಾಯಿಯಲ್ಲಿ ನಿಮ್ಮ ಮನೆಯಲ್ಲಿಯೂ ಮಂಗಲಕಾರ್ಯ ನಡೆಯಬಹುದು. ಛಾಯಾಗ್ರಾಹಕನ ಕೈಗೆ ಪಟ್ಟಿ ಕೊಡುವಾಗ ಅಡುಗೆಯವರನ್ನೂ, ನೀರು ಹೊತ್ತವರನ್ನೂ, ಹಂದರ ಹಾಕಿದವರನ್ನೂ ಅದರಲ್ಲಿ ಸೇರಿಸಿ. ಮನೆಯ ಹಿರಿಯಳನ್ನು, ‘ಅವ್ವಾ, ನಿನಗೆ ಎಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳಬೇಕು?’ ಎಂದು ಒಮ್ಮೆ ಕೇಳಿ. ಚಿತ್ರ ಬಂದ ಮೇಲೆ ಅದರ ಹಿಂದೆ ಅವರವರ ಹೆಸರನ್ನೂ ದಿನಾಂಕವನ್ನೂ ಬರೆದಿಡಿ. ಇದಕ್ಕೆ ಹೆಚ್ಚಿನ ವೆಚ್ಚವಿಲ್ಲ. ಹೊತ್ತು ಮುಳುಗುವ ಮುಂಚೆ ಕೇಳಬೇಕು, ಅಷ್ಟೆ.